‘ಮುಖಕ್ಕೆ ಬಿಳಿ ಬಳಿದುಕೊಂಡ್ರೆ ಸೇರಿಸ್ಕೋತೀವಿ’ ಅನ್ನೋ ಪುಟ: ಮಗಳಿಗೆ ಕನ್ನಡದಲ್ಲಿ ಹೇಗೆ ಓದಿ ಹೇಳಲಿ?

ಮಳೆಬಿಲ್ಲು_ಅಮ್ಮ
ಎಲ್ಲರಿಗೂ ನಮಸ್ಕಾರ. ನಾವಿರೋದು ನ್ಯೂಜೆರ್ಸಿಯಲ್ಲಿ, ಮಗಳಿಗೆ ಏಳು ವರ್ಷ. ರಾತ್ರಿ ಮಲಗೋ ಮುಂಚೆ ದಿನಾ ಒಂದು ಚಿತ್ರಪುಸ್ತಕ ಓದ್ತೀವಿ. ಪುಸ್ತಕ ಇಂಗ್ಲಿಷಿನದ್ದಾದ್ರೂ ನಾನು ಓದೋದು ಕನ್ನಡದಲ್ಲೇ, ಚಿತ್ರ ನೋಡ್ತಾ ಬಾಯಲ್ಲೇ ಅನುವಾದ. ಈಗ ಅತ್ತೆ ಊರಿಂದ ಬಂದಿದಾರೆ. ಅವರೂ ಮಂಚದ ತುದೀಲಿ ಕೂತು ಕೇಳ್ತಾರೆ.

ಈ ವಾರ ಲೈಬ್ರರಿಯಲ್ಲಿ ಅವಳೇ ಆರಿಸಿದ್ದು ಜಾನೆಟ್ ಕಾಲಿನ್ಸ್ ಅನ್ನೋ ಬ್ಯಾಲೆ ನರ್ತಕಿಯ ಜೀವನಚರಿತ್ರೆ. 1917ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಬೆಳೆದವಳು. ಕಪ್ಪು ಮಕ್ಕಳನ್ನ ಬ್ಯಾಲೆ ಶಾಲೆಗಳು ಸೇರಿಸ್ಕೊಳ್ತಿರಲಿಲ್ಲ. ಅಮ್ಮ ದರ್ಜಿ ಕೆಲಸ ಮಾಡ್ತಿದ್ರು, ನಾಟ್ಯದ ಉಡುಪು ಹೊಲಿದುಕೊಟ್ಟು ಆ ಲೆಕ್ಕದಲ್ಲಿ ಮಗಳಿಗೆ ಪಾಠ ಕೊಡಿಸಿದ್ರು. ಇಲ್ಲಿವರೆಗೆ ಚೆನ್ನಾಗೇ ಹೋಯ್ತು, ಮಗಳು ಹೊಲಿಗೆ ಯಂತ್ರದ ಸದ್ದೂ ಮಾಡಿದಳು.

ಆಮೇಲೆ ಬಂತು ಆ ಪುಟ. ಹದಿನೈದು ಹದಿನಾರರ ವಯಸ್ಸಿಗೆ ಹೆಸರಾಂತ ಬ್ಯಾಲೆ ತಂಡವೊಂದರ ಆಯ್ಕೆಗೆ ಹೋಗ್ತಾಳೆ. ಕುಣಿತ ಅವರಿಗೆ ಹಿಡಿಸುತ್ತೆ. ಆದ್ರೆ ವೇದಿಕೆ ಮೇಲೆ ಮುಖಕ್ಕೆ, ಮೈಗೆ ಬಿಳಿ ಬಳಿದುಕೊಳ್ಳಬೇಕು ಅಂತಾರೆ. ಇವಳು ಒಪ್ಪಲ್ಲ.

ಮಗಳು ಪುಟದ ಮೇಲೆ ಬೆರಳಿಟ್ಟು ಕೇಳಿದಳು: ‘ಅಮ್ಮಾ, ಡ್ಯಾನ್ಸ್ ಕ್ಲಾಸಿನ ಆ್ಯನ್ಯುಅಲ್ ಡೇಗೆ ನಂಗೂ ಬಿಳೀದು ಹಚ್ಚಿದ್ರಲ್ಲ. ನಾನ್ಯಾಕೆ ನೋ ಅನ್ಲಿಲ್ಲ?’

ನಂಗೆ ಮಾತೇ ಹೊರಡಲಿಲ್ಲ. ‘ನಾಳೆ ಓದೋಣ ಪುಟ್ಟಾ’ ಅಂತ ದೀಪ ಆರಿಸಿಬಿಟ್ಟೆ. ಇವತ್ತಿಗೆ ಮೂರನೇ ರಾತ್ರಿ, ಬೇರೆ ಪುಸ್ತಕ ಓದಿ ತಳ್ತಿದೀನಿ.

ಎರಡು ಕಡೆ ಸಿಕ್ಕಿಕೊಂಡಿದೀನಿ. ಒಂದು, ‘ಬ್ಲ್ಯಾಕ್’ ಅನ್ನೋದನ್ನ ಕನ್ನಡದಲ್ಲಿ ಏನಂತ ಹೇಳಲಿ? ಕರಿಯರು ಅಂತ ನನ್ನ ಬಾಯಲ್ಲಿ ಬರೋದೇ ಇಲ್ಲ. ಎರಡು, ಅವಳ ಪ್ರಶ್ನೆಗೆ ಏನು ಉತ್ತರ? ಮಕ್ಕಳಿಗೆ ಓದಿ ಹೇಳೋ ಅಭ್ಯಾಸ ಇರೋರು ದಯವಿಟ್ಟು ಹೇಳಿ.

ಬಯಲುಸೀಮೆ_ಅಪ್ಪ
ಏಳು ವರ್ಷದ ಮಗೂಗೆ ಇದೆಲ್ಲ ಈಗಲೇ ಯಾಕೆ? ಅಮ್ಮ ಬಟ್ಟೆ ಹೊಲಿದ್ರು, ಮಗಳು ಕುಣಿದಳು, ದೊಡ್ಡ ವೇದಿಕೆ ಏರಿದಳು ಅಂತ ಹೇಳಿ ಮುಗಿಸಿ. ಬಣ್ಣದ ತಾರತಮ್ಯ ಹನ್ನೆರಡು ವರ್ಷಕ್ಕೆ ತಿಳಿದ್ರೆ ಸಾಕು. ನಾನು ಆ ಪುಟ ಹಾರಿಸಿ ಓದ್ತಿದ್ದೆ.

ಹಳೇಪುಸ್ತಕ
ಹಾರಿಸೋಕೆ ಆಗಲ್ಲ ಅಪ್ಪನವರೇ. ಆ ಪುಟ ತೆಗೆದ್ರೆ ಜಾನೆಟ್ ಕಾಲಿನ್ಸ್ ಕಥೇಲಿ ಉಳಿಯೋದೇನು? ‘ಒಬ್ಬ ಹುಡುಗಿ ಚೆನ್ನಾಗಿ ಕುಣಿದಳು’ ಅಂತ. ಅಂಥವರು ಲಕ್ಷ ಜನ ಇದಾರೆ. ಅಲ್ಲದೆ ಮಗು ಆಗಲೇ ಪ್ರಶ್ನೆ ಕೇಳಿಯಾಗಿದೆ, ಪುಟ ಹಾರಿಸೋ ಕಾಲ ಮುಗೀತು.

ಗೆಜ್ಜೆಹೆಜ್ಜೆ
ನಿಮ್ಮ ಮಗಳ ಪ್ರಶ್ನೆ ಓದಿ ಕಣ್ಣಲ್ಲಿ ನೀರು ಬಂತು.

ನನ್ನ ರಂಗಪ್ರವೇಶದ ದಿನ. ಹದಿನಾಲ್ಕು ವರ್ಷ. ನಾನು ಎಣ್ಣೆಗಪ್ಪು. ಮೇಕಪ್‌ನವರು ಕೆಂಪು ಬಾಕ್ಸ್ ತೆಗೆದು, ಒದ್ದೆ ಸ್ಪಂಜಲ್ಲಿ ಪ್ಯಾನ್‌ಕೇಕ್ ಅನ್ನೋ ಮೇಕಪ್ ಬಿಲ್ಲೆ ತೀಡಿ ಕೆನ್ನೆ ಮೇಲೆ ಎಳೀತಾ ‘ಲೈಟಲ್ಲಿ ಚೆನ್ನಾಗಿ ಕಾಣುತ್ತೆ ಬಿಡು’ ಅಂದ್ರು. ನನ್ನ ಬಣ್ಣಕ್ಕಿಂತ ಮೂರು ಮೆಟ್ಟಿಲು ಬಿಳಿ. ಕತ್ತಿನ ಹತ್ತಿರ ಗೆರೆ ಎಳೆದ ಹಾಗಿತ್ತು, ಮೇಲೆ ಒಬ್ಬಳು ಕೆಳಗೆ ಒಬ್ಬಳು. ಕೈಗೆ ಕೆಂಪು ಆಲ್ತಾ ಹಚ್ಚಿದ್ದರಿಂದ ಅಲ್ಲಿ ಪ್ಯಾನ್‌ಕೇಕ್ ಬಳಿಯಲಿಲ್ಲ, ಮುಂಗೈ ನನ್ನದೇ ಬಣ್ಣ. ‘ವರ್ಣ’ ಅನ್ನೋ ಉದ್ದದ ನೃತ್ಯ ಮುಗಿಯೋ ಹೊತ್ತಿಗೆ ಬೈತಲೆಬೊಟ್ಟಿನ ಅಡಿಯಿಂದ ಬೆವರಿಳಿದು ಹಣೆ ಮೇಲೆ ಒಂದು ಗೆರೆ ತೊಳೆದುಹೋಗಿತ್ತು. ಆ ಗೆರೆಯೊಳಗೆ ನಾನು ಕಾಣ್ತಿದ್ದೆ. ಆಲ್ಬಮ್ಮಿನ ಆ ಒಂದು ಫೋಟೊ ಮಾತ್ರ ನಂಗಿಷ್ಟ. ಅಮ್ಮ ಅದನ್ನ ಹಿಂದಿನ ಪುಟಕ್ಕೆ ಹಾಕಿದ್ರು.

ಮಗಳಿಗೆ ಹೇಳಿ, ‘ನಿನ್ನನ್ನ ಯಾರೂ ಕೇಳಲೇ ಇಲ್ಲ ಪುಟ್ಟಾ, ಕೇಳದೇ ಹಚ್ಚಿದ್ರು’ ಅಂತ. ಅದು ನಿಜ.

ಆಪೆರಾ_ಪ್ರಿಯ
ಗೆಜ್ಜೆಹೆಜ್ಜೆಯವರೇ, ಒಂದು ಸೋಜಿಗ ಹೇಳ್ತೀನಿ. ನಮ್ಮ ನಾಟ್ಯದವರು ದಿನಾ ಬಳಸೋ ಈ ‘ಪ್ಯಾನ್‌ಕೇಕ್’ ಅನ್ನೋ ಮಾತು ಶುರುವಾಗಿದ್ದೇ ಜಾನೆಟ್ ಊರಿನ ಕಡೆಯಿಂದ. ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ 1930ರ ದಶಕದ ಕೊನೆಯಲ್ಲಿ ಹಾಲಿವುಡ್‌ನ ಬಣ್ಣದ ಸಿನಿಮಾದವರಿಗೆ ಅಂತ ತಯಾರು ಮಾಡಿದ ಬಿಲ್ಲೆ ಅದು. ಬ್ಯಾಲೆಯವರು ಅದೇ ಮಾತನ್ನ ಇನ್ನೊಂದಕ್ಕೂ ಬಳಸ್ತಾರೆ. ತುದಿಗಾಲಲ್ಲಿ ನಿಲ್ಲೋಕೆ ಹಾಕೋ ಪಾಯಿಂಟ್ ಶೂ ಇದೆಯಲ್ಲ, ಅದು ಬರ್ತಿದ್ದದ್ದು ತಿಳಿಗುಲಾಬಿ ಬಣ್ಣದಲ್ಲಿ ಮಾತ್ರ, ಅಂದ್ರೆ ಬಿಳಿಯರ ಕಾಲಿನ ಬಣ್ಣ. ಕಾಲಿನ ಗೆರೆ ಸೊಂಟದಿಂದ ಬೆರಳ ತುದಿವರೆಗೆ ಒಂದೇ ಸಮ ಕಾಣಬೇಕು ಅನ್ನೋದು ಬ್ಯಾಲೆಯ ನಿಯಮ. ಅದಕ್ಕೆ ಕಪ್ಪು ನರ್ತಕಿಯರು ಪ್ರತಿ ಹೊಸ ಜೋಡಿಗೂ ತಮ್ಮ ಮೈಬಣ್ಣದ ಮೇಕಪ್ಪನ್ನ ಸ್ಪಂಜಲ್ಲಿ ಬಳಿದು ಒಣಗಿಸ್ಕೋಬೇಕಿತ್ತು. ಅದಕ್ಕೆ ಅವರಂದದ್ದು ‘ಪ್ಯಾನ್‌ಕೇಕಿಂಗ್’.

ನ್ಯೂಯಾರ್ಕಿನ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ತಂಡ 1970ರ ದಶಕದಲ್ಲೇ ಎಲ್ಲರೂ ಅವರವರ ಮೈಬಣ್ಣದ ಕಾಲುಚೀಲ, ಶೂ ಹಾಕಬೇಕು ಅಂತ ಮಾಡಿತು. ಅಂಗಡಿ ಮಾತು ಬೇರೆ. ಬ್ರಿಟನ್ನಿನ ಫ್ರೀಡ್ ಕಂಪನಿ ಲಂಡನ್ನಿನ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದುಬಣ್ಣದ ಎರಡು ಛಾಯೆಯ ಶೂ ಹೊರತಂದದ್ದು 2018ರಲ್ಲಿ. ಮೊನ್ನೆ ಮೊನ್ನೆ!

ಕರಾವಳಿ_ಕುವರಿ
2018? ನಿಜವಾ ಮಾರಾಯ್ರೆ? ನಾನು ಇದೆಲ್ಲ ನಮ್ಮಜ್ಜಿ ಕಾಲದ್ದು ಅಂತ ಎಣಿಸಿದ್ದೆ.

ಆಪೆರಾ_ಪ್ರಿಯ
ನಿಜ. ಅಮೆರಿಕದಲ್ಲಿ ಒಂದು ಕಂಪನಿ ಅದಕ್ಕೆ ಸ್ವಲ್ಪ ಮುಂಚೆ ಶುರು ಮಾಡಿತ್ತು. ಅಷ್ಟೇ ವ್ಯತ್ಯಾಸ.

ಧಾರವಾಡದಾಕಿ
ಅಕ್ಕಾರ, ‘ಬ್ಲ್ಯಾಕ್’ ಪದದ ಚರ್ಚಾ ಆಮ್ಯಾಲ ಮಾಡೋಣು. ನನಗ ಅದಕ್ಕಿಂತ ದೊಡ್ಡ ತ್ರಾಸಿನ ಪದ ಬ್ಯಾರೇನ ಐತಿ ಅನಸ್ತದ. ನಿಮ್ಮ ಮಗಳು ‘ನೋ ಅನ್ಲಿಲ್ಲ’ ಅಂದ್ಲಲ್ಲ, ಆ ‘ನೋ’ಗೆ ಕನ್ನಡದಾಗ ಏನ್ ಅಂತೀರಿ? ಆ ಹುಡುಗಿ ಏನಂದ್ಲು ಅಂತ ಓದ್ತೀರಿ? ‘ಇಲ್ಲ’ ಅಂದ್ಲಾ? ‘ಬೇಡ’ ಅಂದ್ಲಾ? ‘ಆಗಲ್ಲ’ ಅಂದ್ಲಾ? ‘ಇಲ್ಲ’ ಅಂದ್ರ ಬರೇ ಮಾಹಿತಿ ಕೊಟ್ಟಂಗ. ‘ಬೇಡ’ ಅಂದ್ರ ಎರಡನೇ ಸಲ ಅನ್ನ ಬಡಿಸ್ಲಿಕ್ಕೆ ಬಂದಾಗ ಅನ್ನೂ ಮಾತು. ‘ಆಗಲ್ಲ’ ಅಂದ್ರ ಕೈಲೆ ನೀಗಂಗಿಲ್ಲ ಅಂತ. ಆಕೀ ಕೈಲೆ ಆಗತಿತ್ತು, ಬಣ್ಣ ಹಚ್ಚಿಕೊಂಡ್ರ ಅರ್ಧಾ ತಾಸಿನ ಕೆಲಸ. ಆದ್ರ ಆಕಿ ಮನಸ್ಸಿನಿಂದ ಮಾಡ್ಲಿಲ್ಲ.

ನಮ್ಮ ಕಡೆ ಅದಕ್ಕೊಂದು ಪದ ಐತಿ. ಒಲ್ಲೆ.

ಹಳೇಪುಸ್ತಕ
ಆಹಾ! ‘ಒಲ್ಲೆ’. ವಚನಗಳಲ್ಲಿ ಎಷ್ಟು ಸಲ ಬರುತ್ತೆ ಆ ಪದ. ದಕ್ಷಿಣದವರು ನಾವು ಬಾಯಲ್ಲಿ ಆಡೋದು ಬಿಟ್ಟೇಬಿಟ್ವಿ. ಒಪ್ಪೋ ಶಕ್ತಿ ಇದ್ದೂ ಒಪ್ಪದೇ ಇರೋದು, ಅದೂ ತಲೆ ತಗ್ಗಿಸದೆ. ಇದಕ್ಕಿಂತ ಸರಿಯಾದ ಮಾತು ಸಿಗಲ್ಲ.

ಬಯಲುಸೀಮೆ_ಅಪ್ಪ
ಮೈಸೂರು ಕಡೆ ಮಗೂಗೆ ‘ಒಲ್ಲೆ’ ಅಂದ್ರೆ ಏನೂ ತಿಳಿಯಲ್ಲ. ‘ಹಚ್ಕೊಳ್ಳಲ್ಲ’ ಅಂದ್ರೆ ಸಾಕಲ್ವಾ? ಸರಳ.

ಧಾರವಾಡದಾಕಿ
ತಿಳಿಯಂಗಿಲ್ಲ ಅಂದ್ರ ಕಲಿಸ್ರಿ. ಕತಿ ಓದೂದು ಮತ್ಯಾಕ?

ಮಂಡ್ಯದ_ಮೇಷ್ಟ್ರು
ನಾನು ಮೂವತ್ತು ವರ್ಸ ಪ್ರೈಮರಿ ಮಕ್ಕಳಿಗೆ ಪಾಠ ಮಾಡಿದವನು ಕಣಮ್ಮ. ಮಕ್ಕಳು ಹೊಸ ಪದಕ್ಕೆ ಹೆದರಲ್ಲ, ಹೆದರೋದು ದೊಡ್ಡೋರು. ಒಂದು ಹೊಸ ಪದ ಕೊಡು, ಮಾರನೇ ದಿನ ನೋಡು, ಹತ್ತು ಕಡೆ ಬಳಸ್ತವೆ.

ಇನ್ನು ‘ಬ್ಲ್ಯಾಕ್’ ವಿಚಾರ. ನಾವು ಓದೋ ಕಾಲದಲ್ಲಿ ಪಠ್ಯದಲ್ಲಿ ‘ನೀಗ್ರೋ’ ಅಂತಿತ್ತು, ನಾನೂ ಪಾಠ ಮಾಡುವಾಗ ಹಂಗೇ ಹೇಳಿದೀನಿ. ತಪ್ಪು ಅಂತ ತಿಳಿದಿದ್ದು ತಡವಾಗಿ. ಈಗ ‘ಕಪ್ಪು ಜನ’ ಅಂತೀನಿ. ‘ಕರಿಯ’ ಬೇಡ. ನಮ್ಮೂರಲ್ಲಿ ಅದು ಹೆಸರೂ ಹೌದು, ಕರಿಯಪ್ಪ ಕರಿಗೌಡ ಎಲ್ಲ ದೇವರ ಹೆಸರಿಂದ ಬಂದದ್ದು, ಅದರಲ್ಲಿ ಕೀಳಿಲ್ಲ. ಆದ್ರೆ ಒಬ್ಬ ಮನುಷ್ಯನನ್ನ ತೋರಿಸಿ ‘ಆ ಕರಿಯ’ ಅಂದಾಗ ಆ ದನಿ ಬೇರೆ.

ಕರಾವಳಿ_ಕುವರಿ
ಪತ್ರಿಕೆಯಲ್ಲಿ ‘ಕಪ್ಪುವರ್ಣೀಯರು’ ಅಂತ ಬರೆಯುವುದು ಉಂಟು. ಮಕ್ಕಳಿಗೆ ಓದಲಿಕ್ಕೆ ಅದು ಸರ್ಕಾರಿ ನೋಟೀಸಿನ ಹಾಗೆ ಆಗ್ತದೆ.

ಯಲ್ಲಾಪುರದವ
ಈ ಚರ್ಚೆ ಎರಡು ದಿನದಿಂದ ಓದ್ತಾ ಇದ್ದೆ, ಬರೆಯಲೋ ಬೇಡವೋ ಅಂತ. ನಾನು ಸಿದ್ದಿ. ಉತ್ತರ ಕನ್ನಡದವನು. ನಮ್ಮ ಹಿರಿಯರನ್ನ ಆಫ್ರಿಕಾದಿಂದ ಹಡಗಲ್ಲಿ ತಂದು ಇಲ್ಲಿ ಗುಲಾಮರಾಗಿ ಮಾರಿದ್ರು, ತಪ್ಪಿಸಿಕೊಂಡವರು ಕಾಡು ಸೇರಿದ್ರು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ನಾವಿದೀವಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರು. ಮನೇಲಿ ಕೊಂಕಣಿ ಆಡ್ತೀವಿ, ಶಾಲೆ ಕಲಿತದ್ದು ಕನ್ನಡದಲ್ಲಿ.

ಬೆಂಗಳೂರಲ್ಲಿ ಬಸ್ ಹತ್ತಿದ್ರೆ ಇವತ್ತಿಗೂ ಇಂಗ್ಲಿಷಲ್ಲಿ ‘ಯಾವ ದೇಶ’ ಅಂತ ಕೇಳ್ತಾರೆ. ನಾನು ಕನ್ನಡದಲ್ಲಿ ‘ಯಲ್ಲಾಪುರ’ ಅಂತೀನಿ. ಆಮೇಲೆ ಅವರ ಮುಖ ನೋಡ್ಬೇಕು.

ಪದದ ಬಗ್ಗೆ ನನ್ನ ಅಭಿಪ್ರಾಯ: ‘ಕಪ್ಪು’ ಅನ್ನಿ, ಧೈರ್ಯವಾಗಿ ಅನ್ನಿ. ಆ ಪದ ಹೇಳೋಕೆ ನೀವು ತೊದಲಿದ್ರೆ ಮಗು ಏನು ಕಲಿಯುತ್ತೆ ಗೊತ್ತಾ? ಕಪ್ಪು ಅನ್ನೋದು ಬಾಯಿ ಬಿಟ್ಟು ಹೇಳಬಾರದ ವಿಷಯ ಅಂತ. ‘ಅವಳ ಬಣ್ಣ ಕಪ್ಪು’ ಅಂತ ಸಲೀಸಾಗಿ ಹೇಳಿ. ಆದ್ರೆ ಮೊದಲು ಹೆಸರು ಹೇಳಿ. ‘ಒಬ್ಬ ಕಪ್ಪು ಹುಡುಗಿ ಇದ್ಲು’ ಅಂತ ಶುರು ಮಾಡ್ಬೇಡಿ. ‘ಜಾನೆಟ್ ಅಂತ ಒಬ್ಬಳಿದ್ಲು’ ಅಂತ ಶುರು ಮಾಡಿ. ಕುಣಿಯೋದು ಬರಲಿ, ಅಮ್ಮನ ಹೊಲಿಗೆ ಬರಲಿ, ಬಣ್ಣ ಅದರ ಜಾಗದಲ್ಲಿ ಬರಲಿ.

ಗೆಜ್ಜೆಹೆಜ್ಜೆ
ಬರೆದಿದ್ದಕ್ಕೆ ಧನ್ಯವಾದ ಅಣ್ಣಾ. ನಿಮ್ಮ ಕಡೆ ಡಮಾಮಿ ಕುಣಿತ ಒಮ್ಮೆ ನೋಡಿದೀನಿ, ಆ ಹೆಂಗಸರ ಹೆಜ್ಜೆ ಮರೆಯೋಕಾಗಲ್ಲ.

ಯಲ್ಲಾಪುರದವ
ನಮ್ಮ ಅಕ್ಕನೂ ಕುಣೀತಾಳೆ. ಈ ಪುಸ್ತಕದ ಹಾಗೆ ನಮ್ಮ ಹೆಣ್ಣುಮಕ್ಕಳ ಮುಖ ಇರೋ ಚಿತ್ರಪುಸ್ತಕ ಒಂದು ಕನ್ನಡದಲ್ಲಿ ಬಂದ್ರೆ ಹತ್ತು ಪ್ರತಿ ನಾನೇ ಕೊಳ್ತೀನಿ.

ದಾವಣಗೆರೆ_ಬೆಣ್ಣೆ
ಒಂದು ಮಾತು ಹೇಳ್ಲೇಬೇಕು, ಯಾರೂ ಬೇಜಾರು ಮಾಡ್ಕೋಬೇಡಿ. ಆ್ಯನ್ಯುಅಲ್ ಡೇ ಮೇಕಪ್ಪನ್ನೂ ಜಾನೆಟ್ ಕಾಲಿನ್ಸ್‌ಗೆ ಆಗಿದ್ದನ್ನೂ ಒಂದೇ ತಕ್ಕಡೀಲಿ ತೂಗ್ತಿದೀರ. ನಮ್ಮ ಮಕ್ಕಳಿಗೆ ಬಿಳಿ ಹಚ್ಚೋದು ಕೆಟ್ಟ ಅಭ್ಯಾಸ, ಒಪ್ತೀನಿ. ಆದ್ರೆ ಹಚ್ಚದಿದ್ರೂ ಅವರನ್ನ ವೇದಿಕೆ ಹತ್ತಿಸ್ತಿದ್ರು. ಅವಳನ್ನ ಹತ್ತಿಸ್ತಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣ ರಾಜ್ಯಗಳಲ್ಲಿ, ಕಪ್ಪು ಜನ ಬಿಳಿಯರ ಜೊತೆ ಒಂದೇ ಹೋಟೆಲಲ್ಲಿ ಇರೋ ಹಾಗಿಲ್ಲ, ಒಂದೇ ನಲ್ಲೀಲಿ ನೀರು ಕುಡಿಯೋ ಹಾಗಿಲ್ಲ ಅಂತ ಕಾನೂನೇ ಇತ್ತು. ಆ ಹುಡುಗಿ ಕಳ್ಕೊಂಡಿದ್ದು ಕೆಲಸ, ಹೊಟ್ಟೆಪಾಡು. ಮಗೂಗೆ ‘ನಿಂಗೂ ಹಾಗೇ ಆಯ್ತು’ ಅಂತ ಹೇಳಿದ್ರೆ ಸುಳ್ಳಾಗುತ್ತೆ.

ಗೆಜ್ಜೆಹೆಜ್ಜೆ
ನಾನು ಒಂದೇ ಅಂದಿಲ್ಲ. ನೋವಿನ ಅಳತೆ ಬೇರೆ ಬೇರೆ ಅಂತ ನಂಗೂ ಗೊತ್ತು. ಆದ್ರೆ ಏಳು ವರ್ಷದ ಮಗು ತನ್ನ ಕೆನ್ನೆಯ ಸ್ಪಂಜನ್ನ ನೆನಪಿಸಿಕೊಂಡೇ ಜಾನೆಟ್‌ಳನ್ನ ಅರ್ಥ ಮಾಡ್ಕೊಂಡಿದ್ದು. ಆ ಬಾಗಿಲು ಮುಚ್ಚಬಾರದು.

ದಾವಣಗೆರೆ_ಬೆಣ್ಣೆ
ಬಾಗಿಲು ಮುಚ್ಚಿ ಅನ್ನಲ್ಲ. ಒಳಗೆ ಹೋದ್ಮೇಲೆ ಮನೆ ಯಾರದ್ದು ಅಂತ ಹೇಳಿ, ಅಷ್ಟೇ.

ಮಂಡ್ಯದ_ಮೇಷ್ಟ್ರು
ಇಬ್ಬರದೂ ಸರಿ ಇದೆ. ಎರಡೂ ಹೇಳಮ್ಮ, ಎರಡು ಬೇರೆ ಬೇರೆ ವಾಕ್ಯದಲ್ಲಿ.

ಮಳೆಬಿಲ್ಲು_ಅಮ್ಮ
ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲಾ ಎರಡೆರಡು ಸಲ ಓದಿದೆ. ಯಲ್ಲಾಪುರದಣ್ಣ ಹೇಳಿದ್ದು ಎದೆಗೆ ತಾಗಿತು, ನಾನು ತೊದಲಿದ್ದು ನಿಜ.

ಪುಸ್ತಕ ಇಡೀ ಪ್ರಾಸದಲ್ಲಿದೆ, ಅದು ಇನ್ನೊಂದು ಕಷ್ಟ. ಹಾಗೇ ಗದ್ಯದಲ್ಲಿ ಹೇಳಿದ್ರೆ ಕುಣಿತವೇ ಹೋಗ್ಬಿಡುತ್ತೆ. ಕೊನೇಲಿ ಲೇಖಕಿ ಬರೆದ ಟಿಪ್ಪಣಿ ಓದಿದೆ. 1951ರಲ್ಲಿ ಮೆಟ್ರೊಪಾಲಿಟನ್ ಆಪೆರಾ ಅನ್ನೋ ನ್ಯೂಯಾರ್ಕಿನ ದೊಡ್ಡ ಸಂಗೀತನಾಟಕ ಸಂಸ್ಥೆ ಸೇರಿದ್ಲಂತೆ, ಅಲ್ಲಿನ ಮೊದಲ ಕಪ್ಪು ನರ್ತಕಿ. ಅದು ನಮಗೆ ರೈಲಲ್ಲಿ ಒಂದು ಗಂಟೆ ದೂರ. ಶನಿವಾರ ಮಗಳನ್ನ ಕರ್ಕೊಂಡು ಹೋಗಿ ಜಾನೆಟ್ ಕುಣಿದ ಜಾಗ ತೋರಿಸೋಣ ಅಂತಿದೀನಿ.

ಆಪೆರಾ_ಪ್ರಿಯ
ಎರಡು ತಿದ್ದುಪಡಿ ಮೇಡಂ.

ಮೊದಲನೇದು, ಜಾಗ. ಈಗ ಲಿಂಕನ್ ಸೆಂಟರ್‌ನಲ್ಲಿರೋ ಕಟ್ಟಡ 1966ರದ್ದು. ಜಾನೆಟ್ ಕುಣಿದದ್ದು ಬ್ರಾಡ್‌ವೇ ಮತ್ತು 39ನೇ ರಸ್ತೆ ಮೂಲೆಯಲ್ಲಿದ್ದ ಹಳೇ ಕಟ್ಟಡದಲ್ಲಿ. ಅದನ್ನ 1967ರಲ್ಲಿ ಕೆಡವಿದ್ರು. ಅಲ್ಲೀಗ ಆಫೀಸು ಕಟ್ಟಡ ಇದೆ. ಮಗಳನ್ನ ಕರ್ಕೊಂಡು ಹೋಗೋದಾದ್ರೆ ಆ ಮೂಲೆಗೇ ಹೋಗಿ, ಇಲ್ಲದಿದ್ರೆ ಅವಳು ತಪ್ಪು ಕಟ್ಟಡವನ್ನ ನೆನಪಿಟ್ಕೋತಾಳೆ.

ಎರಡನೇದು, ‘ಮೊದಲ ಕಪ್ಪು ನರ್ತಕಿ’ ಅನ್ನೋದನ್ನ ಬಿಡಿಸಿ ಹೇಳಬೇಕು. 1933ರಲ್ಲೇ ಹೆಮ್ಸ್‌ಲಿ ವಿನ್‌ಫೀಲ್ಡ್ ಅನ್ನೋ ಕಪ್ಪು ನರ್ತಕ ಅದೇ ವೇದಿಕೆ ಮೇಲೆ ಒಂದು ಆಪೆರಾದಲ್ಲಿ ಮಾಂತ್ರಿಕನ ಪಾತ್ರ ಕುಣಿದಿದ್ದ. ಆ ಆಪೆರಾದ ನಾಯಕ ಕಪ್ಪು ಮನುಷ್ಯ, ಆದ್ರೆ ಹಾಡಿದ್ದು ಮುಖಕ್ಕೆ ಕಪ್ಪು ಬಳಿದುಕೊಂಡ ಬಿಳಿಯ ಗಾಯಕ. ವಿನ್‌ಫೀಲ್ಡ್ ಮರುವರ್ಷವೇ ತೀರಿಕೊಂಡ. ಜಾನೆಟ್ ಮೊದಲಿಗಳಾಗಿದ್ದು ಸಂಸ್ಥೆಯ ಸ್ವಂತ ನರ್ತಕಿಯಾಗಿ, ಅದೂ ಪ್ರಧಾನ ಸ್ಥಾನದಲ್ಲಿ. ಅಲ್ಲಿನ ಬ್ಯಾಲೆ ಮುಖ್ಯಸ್ಥ ಜಾಕರಿ ಸೊಲೊವ್ ಅವಳ ಕುಣಿತ ನೋಡಿ ಬೇಕೇ ಬೇಕು ಅಂದ, ವ್ಯವಸ್ಥಾಪಕ ರುಡಾಲ್ಫ್ ಬಿಂಗ್ ಒಪ್ಪಿದ. 1951ರ ನವೆಂಬರ್ 13, ಆ ಸಾಲಿನ ಪ್ರದರ್ಶನಗಳ ಮೊದಲ ರಾತ್ರಿ, ವೆರ್ಡಿಯ ‘ಐಡಾ’ ಆಪೆರಾ.

ಈಗ ಇದನ್ನ ಕೇಳಿ. ಐಡಾ ಅಂದ್ರೆ ಇಥಿಯೋಪಿಯಾದ ರಾಜಕುಮಾರಿ. ಆ ಕಾಲದಲ್ಲಿ ಬಿಳಿಯ ಗಾಯಕಿಯರು ಮುಖ ಕಪ್ಪಾಗಿಸಿಕೊಂಡು ಆ ಪಾತ್ರ ಹಾಡೋದು ವಾಡಿಕೆ. ಅಂಥ ನಾಟಕದೊಳಗೆ, ತನ್ನ ಮೈಬಣ್ಣ ಮುಚ್ಚಿಕೊಳ್ಳಲ್ಲ ಅಂದ ಹುಡುಗಿ ನಡುವೇದಿಕೆಗೆ ಬಂದು ಕುಣಿದಳು.

ಧಾರವಾಡದಾಕಿ
ಮೈ ಜುಮ್ ಅಂತು.

ಹಳೇಪುಸ್ತಕ
ಕಪ್ಪು ಗಾಯಕಿ ಮೇರಿಯನ್ ಆ್ಯಂಡರ್ಸನ್‌ಗಿಂತ ನಾಲ್ಕು ವರ್ಷ ಮುಂಚೆ ಅಂತ ಎಲ್ಲ ಕಡೆ ಬರೀತಾರಲ್ಲ, ಅದೂ ಹೇಳಿ.

ಆಪೆರಾ_ಪ್ರಿಯ
ಆ್ಯಂಡರ್ಸನ್ ಅಲ್ಲಿ ಮೊದಲು ಹಾಡಿದ್ದು 1955ರ ಜನವರಿ 7ರಂದು. ಲೆಕ್ಕ ಹಾಕಿದ್ರೆ ಮೂರು ವರ್ಷದ ಮೇಲೆ ಸುಮಾರು ಎರಡು ತಿಂಗಳು. ಇಸವಿ ಕಳೆದು ನಾಲ್ಕು ಅಂತಾರೆ.

ಬಯಲುಸೀಮೆ_ಅಪ್ಪ
ಹದಿನಾರರಲ್ಲಿ ಒಲ್ಲೆ ಅಂದಳು, ಮೂವತ್ತನಾಲ್ಕಕ್ಕೆ ಅಲ್ಲಿ ಸೇರಿದಳು. ನಡುವೆ ಹದಿನೆಂಟು ವರ್ಷ ಏನ್ ಮಾಡಿದ್ಲು? ಚಿತ್ರಪುಸ್ತಕದಲ್ಲಿ ಪುಟ ತಿರುಗಿಸಿದ್ರೆ ಗೆಲುವು ಅನ್ನೋ ಹಾಗಿರುತ್ತೆ. ಇದು ನಂಗೆ ನಿಜವಾಗ್ಲೂ ತಿಳ್ಕೋಬೇಕು.

ಹಳೇಪುಸ್ತಕ
ಒಳ್ಳೇ ಪ್ರಶ್ನೆ. ಆವತ್ತು ಹೊರಗೆ ಬಂದು ಅತ್ತಳು. ಅತ್ತು, ಮತ್ತೆ ಅಭ್ಯಾಸದ ಕಂಬಿ ಹಿಡಿದಳು. ಬ್ಯಾಲೆ ಕೋಣೆಯ ಗೋಡೆ ಉದ್ದಕ್ಕೂ ಮರದ ಕಂಬಿ ಇರುತ್ತಲ್ಲ, ಅದನ್ನ ಹಿಡಿದುಕೊಂಡೇ ದಿನದ ಮೊದಲ ಪಾಠ. ಕಾರ್ಮೆಲಿಟಾ ಮರಾಚಿ, ಅಡಾಲ್ಫ್ ಬೋಲ್ಮ್ ಥರದ ಗುರುಗಳ ಹತ್ತಿರ ಕಲಿತಳು. ಜೊತೆಗೆ ಚಿತ್ರಕಲೆ ಓದಿದಳು, ಕೊನೇತನಕ ಬಣ್ಣ ಹಿಡಿದೇ ಇದ್ದಳು. ಕ್ಯಾಥರಿನ್ ಡನ್‌ಹಮ್ ಅನ್ನೋ ನರ್ತಕಿಯ ತಂಡದಲ್ಲಿ ಕುಣಿದಳು. 1945ರಲ್ಲಿ ರೋಸೆನ್‌ವಾಲ್ಡ್ ನಿಧಿಯ ಫೆಲೋಶಿಪ್ ಸಿಕ್ಕಿತು. ಯಾರೂ ತಂಡಕ್ಕೆ ಸೇರಿಸಿಕೊಳ್ಳದಿದ್ರೆ ಒಬ್ಬಳೇ ಕುಣಿಯೋದು ಅಂತ ತನ್ನದೇ ನೃತ್ಯಗಳನ್ನ ಕಟ್ಟಿದಳು. ಒಂದು ಕಡೆ ಮೊಜಾರ್ಟ್ ಸಂಗೀತಕ್ಕೆ ಶುದ್ಧ ಬ್ಯಾಲೆ, ಇನ್ನೊಂದು ಕಡೆ ಕಪ್ಪು ಜನರ ಭಕ್ತಿಗೀತೆಗಳಿಗೆ ಬರಿಗಾಲ ಕುಣಿತ. 1949ರಲ್ಲಿ ನ್ಯೂಯಾರ್ಕಿನ 92ನೇ ರಸ್ತೆಯ ‘ವೈ’ ಅನ್ನೋ ಸಭಾಂಗಣದಲ್ಲಿ ಕುಣಿದಾಗ ವಿಮರ್ಶಕರು ಎದ್ದು ಕೂತರು. 1950ರಲ್ಲಿ ಕೋಲ್ ಪೋರ್ಟರ್ ಸಂಗೀತದ ಬ್ರಾಡ್‌ವೇ ನಾಟಕವೊಂದರಲ್ಲಿ ‘ರಾತ್ರಿ’ಯ ಪಾತ್ರ. ಅದಕ್ಕೆ ಆ ಸಾಲಿನ ಶ್ರೇಷ್ಠ ನರ್ತಕಿ ಅಂತ ಡೊನಾಲ್ಡ್‌ಸನ್ ಪ್ರಶಸ್ತಿ. ಆಮೇಲೆ ಮೆಟ್, ಅಂದ್ರೆ ಮೆಟ್ರೊಪಾಲಿಟನ್ ಆಪೆರಾ.

ನನ್ನ ಮಟ್ಟಿಗೆ ಪುಸ್ತಕದ ಅತಿ ದೊಡ್ಡ ಪುಟ ಈ ಕಂಬಿಯದ್ದಾಗಬೇಕಿತ್ತು.

ದಾವಣಗೆರೆ_ಬೆಣ್ಣೆ
ಗೆದ್ದ ಮೇಲಿನ ಪುಟವೂ ಬೇಕಿತ್ತು. ಮೆಟ್ ತಂಡ ದಕ್ಷಿಣದ ರಾಜ್ಯಗಳಿಗೆ ಪ್ರವಾಸ ಹೋದಾಗ ಅಲ್ಲಿನ ಕಾನೂನಿನಿಂದಾಗಿ ಕೆಲವು ಊರುಗಳಲ್ಲಿ ಅವಳು ವೇದಿಕೆ ಹತ್ತೋ ಹಾಗಿರಲಿಲ್ಲ. ಅವಳ ಪಾತ್ರವನ್ನ ಬದಲಿ ನರ್ತಕಿ ಕುಣಿದಳು. ದೇಶದ ಅತಿ ದೊಡ್ಡ ಆಪೆರಾದ ಪ್ರಧಾನ ನರ್ತಕಿ ಆ ರಾತ್ರಿ ಸುಮ್ಮನೆ ಕೂರಬೇಕು. 1954ರಲ್ಲಿ ಮೆಟ್ ಬಿಟ್ಟಳು. 1951ರ ಚಪ್ಪಾಳೆಗೇ ಕಥೆ ಮುಗಿಸಿದ್ರೆ ಮಗು ‘ಎಲ್ಲಾ ಸರಿಹೋಯ್ತು’ ಅಂದ್ಕೊಂಡು ಮಲಗುತ್ತೆ.

ಮಂಡ್ಯದ_ಮೇಷ್ಟ್ರು
ಮಲಗೋ ಹೊತ್ತಿನ ಪುಸ್ತಕ ಚಪ್ಪಾಳೆಗೆ ಮುಗಿದ್ರೆ ತಪ್ಪೇನಿಲ್ಲ ಕಣಪ್ಪ. ಚಪ್ಪಾಳೆ ನಿಜವೇ ಅಲ್ವಾ? ಉಳಿದದ್ದು ಬೆಳಿಗ್ಗೆ ತಿಂಡಿ ತಿನ್ನುವಾಗ ಹೇಳ್ಲಿ.

ದಾವಣಗೆರೆ_ಬೆಣ್ಣೆ
ಬೆಳಿಗ್ಗೆ ಯಾರೂ ಹೇಳಲ್ಲ ಮೇಷ್ಟ್ರೇ. ಸ್ಕೂಲ್ ಬಸ್ ಬಂದಿರುತ್ತೆ.

ಕರಾವಳಿ_ಕುವರಿ
ಮತ್ತೆ ಆ ಬಿಳಿ ಬಳಿಯಲಿಕ್ಕೆ ಹೇಳಿದ ತಂಡ ಏನಾಯ್ತು? ಬುದ್ಧಿ ಬಂತಾ?

ಹಳೇಪುಸ್ತಕ
ಅದು ಬ್ಯಾಲೆ ರೂಸ್ ದೆ ಮಾಂಟೆ ಕಾರ್ಲೊ. ಹೆಸರಲ್ಲಿ ರಷ್ಯ, ತಿರುಗಾಟ ಯುರೋಪು ಅಮೆರಿಕ. 1955ರಲ್ಲಿ ಅದೇ ಹೆಸರಿನ ತಂಡ ರೇವನ್ ವಿಲ್ಕಿನ್ಸನ್ ಅನ್ನೋ ಕಪ್ಪು ನರ್ತಕಿಯನ್ನ ಸೇರಿಸಿಕೊಂಡಿತು. ತಿಳಿಬಣ್ಣದವಳು. ದಕ್ಷಿಣದಲ್ಲಿ ಕುಣಿಯುವಾಗ ಪೌಡರ್ ಮೆತ್ತಿಕೊಳ್ಳಬೇಕಿತ್ತು. ಅಟ್ಲಾಂಟಾದ ಹೋಟೆಲೊಂದರಲ್ಲಿ ‘ನೀನು ಕಪ್ಪು ಜನವಾ’ ಅಂತ ಕೇಳಿದಾಗ ಅವಳು ಸುಳ್ಳು ಹೇಳಲಿಲ್ಲ. ತಂಡದಿಂದ ಬೇರೆ ಮಾಡಿ ಕಪ್ಪು ಜನರ ಹೋಟೆಲಿಗೆ ಕಳಿಸಿದ್ರು. ಕೊನೆಗೆ ಅಮೆರಿಕದಲ್ಲಿ ಜಾಗ ಸಿಗದೆ ಹಾಲೆಂಡಿನ ರಾಷ್ಟ್ರೀಯ ಬ್ಯಾಲೆಗೆ ಹೋಗಿ ಕುಣಿದಳು. 2015ರ ಜೂನ್‌ನಲ್ಲಿ ಮಿಸ್ಟಿ ಕೋಪ್‌ಲ್ಯಾಂಡ್ ನ್ಯೂಯಾರ್ಕಿನಲ್ಲಿ ‘ಹಂಸ ಸರೋವರ’ದ ಮುಖ್ಯ ಪಾತ್ರ ಕುಣಿದು ನಿಂತಾಗ ವೇದಿಕೆಗೆ ಬಂದು ಹೂಗುಚ್ಛ ಕೊಟ್ಟವರಲ್ಲಿ ಎಂಬತ್ತರ ರೇವನ್ ಅಜ್ಜಿ ಒಬ್ಬರು. ಅದೇ ತಿಂಗಳ ಕೊನೆಗೆ ಮಿಸ್ಟಿ ಅಮೆರಿಕನ್ ಬ್ಯಾಲೆ ಥಿಯೇಟರ್‌ನ ಪ್ರಧಾನ ನರ್ತಕಿಯಾದಳು, ಆ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ. ಜಾನೆಟ್ ಆಗ ಇರಲಿಲ್ಲ, 2003ರಲ್ಲಿ ಟೆಕ್ಸಾಸಿನಲ್ಲಿ ತೀರಿಕೊಂಡಿದ್ದಳು.

ಗೆಜ್ಜೆಹೆಜ್ಜೆ
ಪ್ರಾಸದ ಬಗ್ಗೆ ಕೇಳಿದ್ರಲ್ಲ ಅಕ್ಕ. ಪುಸ್ತಕದ ಪ್ರಾಸವನ್ನೇ ಎಳ್ಕೊಂಡು ಬರೋದು ಬೇಡ. ಅಮ್ಮ ಹೊಲಿಯೋ ಪುಟಕ್ಕೆ ನಾನೊಂದು ಕಟ್ಟಿದೆ, ಆದಿತಾಳಕ್ಕೆ ಕೂರುತ್ತೆ:

ಟಕಟಕ ಟಕಟಕ ಹೊಲಿಗೆಯ ಯಂತ್ರ
ಅಮ್ಮನ ಕಾಲಲಿ ತಾಳ
ಒಂದೊಂದು ಅಂಗಿಗೆ ಒಂದೊಂದು ಪಾಠ
ಜಾನೆಟ್ ಕುಣಿದಳು ಬಹಳ

ಹಳೇಪುಸ್ತಕ
ಮೊದಲ ಮೂರು ಸಾಲು ಬಂಗಾರ. ‘ಬಹಳ’ ಪ್ರಾಸಕ್ಕೆ ತುರುಕಿದ ಹಾಗಿದೆ. ‘ಹೆಜ್ಜೆಗೆ ಹೆಜ್ಜೆಯ ಮೇಳ’ ಮಾಡಿ.

ಗೆಜ್ಜೆಹೆಜ್ಜೆ
ಸರಿ ಸರಿ, ಅದೇ ಚೆಂದ. ತಗೊಳ್ಳಿ ಅಕ್ಕ.

ಧಾರವಾಡದಾಕಿ
ನಂದೂ ಎರಡು ಸಾಲು ಇರಲಿ:

ಬಿಳಿಬಣ್ಣ ಬಳಿದರ ಸೇರಸ್ತೀವಿ ಅಂದ್ರು, ಒಲ್ಲೆ ಅಂದ್ಲು ಜಾನೆಟ್ಟ
ಕಣ್ಣೀರು ಒರಸ್ಕೊಂಡು ಕಂಬಿಯ ಹಿಡಿದ್ಲು, ಮತ್ತ ಕಾಲು ಮ್ಯಾಲಿಟ್ಟ

ಮಂಡ್ಯದ_ಮೇಷ್ಟ್ರು
ಬಲೇ! ಇದನ್ನ ನನ್ನ ಮೊಮ್ಮಗನಿಗೆ ಇವತ್ತೇ ಹೇಳ್ಕೊಡ್ತೀನಿ.

ಮಳೆಬಿಲ್ಲು_ಅಮ್ಮ
ಓದಿದೆ. ನಿನ್ನೆ ರಾತ್ರಿ. ಬರೀಲೇಬೇಕು ಅನ್ನಿಸ್ತು.

‘ಜಾನೆಟ್ ಅಂತ ಒಬ್ಬಳಿದ್ಲು’ ಅಂತಲೇ ಶುರು ಮಾಡಿದೆ. ಟಕಟಕ ಬಂದಾಗ ಮಗಳು ಹಾಸಿಗೆ ಮೇಲೇ ಕಾಲು ಬಡಿದಳು. ‘ಜಾನೆಟ್ ಬಣ್ಣ ಕಪ್ಪು’ ಅಂತ ಸಲೀಸಾಗಿ ಹೇಳಿದೆ. ಅತ್ತೆ ಥಟ್ಟನೆ ನನ್ನ ಮುಖ ನೋಡಿದ್ರು, ಮಗಳು ನೋಡಲೇ ಇಲ್ಲ. ಅವಳಿಗೆ ಅದು ಬರೀ ಬಣ್ಣ.

ಆ ಪುಟ ಬಂತು. ಧಾರವಾಡದಕ್ಕನ ಸಾಲು ಹೇಳಿದೆ. ‘ಒಲ್ಲೆ ಅಂದ್ರೆ?’ ಅಂದಳು. ‘ಮಾಡೋಕೆ ಬರುತ್ತೆ, ಆದ್ರೆ ಮಾಡಲ್ಲ, ನನ್ನ ಮನಸ್ಸು ಒಪ್ಪಲ್ಲ ಅಂತ’ ಅಂದೆ. ಆಮೇಲೆ ಎರಡು ಬೇರೆ ವಾಕ್ಯ, ಮೇಷ್ಟ್ರು ಹೇಳಿದ ಹಾಗೆ. ‘ನಿನ್ನನ್ನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಆದ್ರೆ ನಿಂಗೆ ಕುಣಿಯೋಕೆ ಬಿಟ್ರು, ಜಾನೆಟ್‌ಗೆ ಬಿಡಲೇ ಇಲ್ಲ.’ ಅವಳು ಸುಮಾರು ಹೊತ್ತು ಆ ಚಿತ್ರ ನೋಡ್ತಾನೇ ಇದ್ಲು.

ಆಗ ಅತ್ತ ಕಡೆಯಿಂದ ಅತ್ತೆ ಮಾತು ತೆಗೆದ್ರು. ಅವರನ್ನ ನೋಡೋಕೆ ಗಂಡಿನ ಕಡೆಯವರು ಬಂದ ದಿನ ಅವರಮ್ಮ ಕಡಲೆಹಿಟ್ಟು ಮೊಸರು ಕಲಸಿ ಮುಖ ತಿಕ್ಕಿ ತಿಕ್ಕಿ, ಮೇಲೆ ಪೌಡರ್ ಹಾಕಿ, ಕಿಟಕಿಯಿಂದ ದೂರ ಕೂರಿಸಿದ್ರಂತೆ, ಬೆಳಕು ಬೀಳದ ಹಾಗೆ. ನಲವತ್ತೆಂಟು ವರ್ಷದ ಹಿಂದಿನ ಮಾತು. ನನ್ನ ಗಂಡನಿಗೂ ಇದು ಗೊತ್ತಿರಲಿಲ್ಲ. ಮಗಳು ‘ಅಜ್ಜೀ ನೀನು ಒಲ್ಲೆ ಅಂದ್ಯಾ?’ ಅಂದಳು. ಅತ್ತೆ ಅವಳ ತಲೆ ಸವರಿ, ‘ಆ ಮಾತು ನಂಗೆ ಯಾರೂ ಕಲಿಸಿರಲಿಲ್ಲ ಕಂದಾ’ ಅಂದ್ರು.

ಶನಿವಾರ 39ನೇ ರಸ್ತೆ ಮೂಲೆಗೆ ಮೂವರೂ ಹೋಗ್ತಿದೀವಿ. ದಕ್ಷಿಣದ ಊರುಗಳ ಕಥೆ ರೈಲಲ್ಲಿ ಹೇಳ್ತೀನಿ, ದಾವಣಗೆರೆಯವರೇ. ಸ್ಕೂಲ್ ಬಸ್ ಇರಲ್ಲ ಅವತ್ತು.

ದಾವಣಗೆರೆ_ಬೆಣ್ಣೆ
ತುಂಬಾ ಸಂತೋಷ ಆಯ್ತು. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಯಲುಸೀಮೆ_ಅಪ್ಪ
ಪುಟ ಹಾರಿಸಿ ಅಂದಿದ್ದೆ. ಹಾರಿಸಿದ್ರೆ ಅತ್ತೆಯವರ ಮಾತೂ ಹೊರಗೆ ಬರ್ತಿರಲಿಲ್ಲ. ನಮ್ಮ ಲೈಬ್ರರಿಯಲ್ಲಿ ಈ ಪುಸ್ತಕಕ್ಕೆ ಹೆಸರು ಬರೆಸಿದೀನಿ.

ಯಲ್ಲಾಪುರದವ
ಟಕಟಕ ಹಾಡನ್ನ ಫೋನಲ್ಲಿ ಅಕ್ಕನ ಮಗಳಿಗೆ ಹೇಳಿದೆ. ಅವಳಮ್ಮನೂ ಕವದಿ ಹೊಲೀತಾಳೆ, ಆದ್ರೆ ಕೈಯಲ್ಲಿ, ಸೂಜಿಯಲ್ಲಿ. ‘ಮಾಮಾ, ನಮ್ಮನೇಲಿ ಟಕಟಕ ಸದ್ದು ಬರಲ್ಲ, ಸೂಜಿಗೆ ಏನು ಹಾಡ್ಬೇಕು?’ ಅಂತ ಕೇಳ್ತಿದಾಳೆ. ಗೆಜ್ಜೆಹೆಜ್ಜೆ ಅಕ್ಕ, ಒಂದು ಸಾಲು ಕಟ್ಟಿಕೊಡ್ತೀರಾ?